ಹೋದ ವಿದ್ಯುತ್ತು ಮರಳುವ ದಾರಿ



ಹಳೆಯ ಲಾರಿಯೊಂದನ್ನು ಹೊಸದಾಗಿ ಕಟ್ಟಿ ನಿಲ್ಲಿಸಿದಾಗ ಅದರ ವಿದ್ಯುತ್ ತಂತಿಗಳಲ್ಲಿ ತಲೆದೋರುವ ದೋಷಗಳನ್ನು ಹುಡುಕುವ ಬಗೆ ಹೇಗೆ ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ. ಮೂವತ್ತು ವರ್ಷಕ್ಕೂ ಮಿಕ್ಕಿ ಪಂಪ, ರನ್ನ, ಕುಮಾರವ್ಯಾಸರನ್ನು ಪಾಠ ಹೇಳಿಕೊಂಡು ಬಂದ ಕನ್ನಡದ ಮೇಷ್ಟರಿಗೂ ಲಾರಿಯ ತಂತಿಗೂ ಎಲ್ಲಿಯ ನಂಟು ಎಂದು ತಾವು ಕೇಳಬಹುದು. ನಾನಿರುವುದು ಯಲಹಂಕದಲ್ಲಿ. ನಮ್ಮ ನೆರೆಯವರೊಬ್ಬರು ತಮ್ಮ ತಂದೆಯ ಕಾಲದ ಲಾರಿಯೊಂದನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಯಶವಂತಪುರದ ಕಡೆಯ ಒಂದು ಷೆಡ್ಡಿನಲ್ಲಿ ಮತ್ತೆ ಕಟ್ಟಿಸತೊಡಗಿದರು. ನಿವೃತ್ತನಾಗಿ ಬಿಡುವಾಗಿದ್ದ ನನ್ನನ್ನು ಆಗಾಗ ಜೊತೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಕುಳಿತು ಕಂಡದ್ದನ್ನು, ಕೇಳಿದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಬೆಂಗಳೂರಿನ ಉತ್ತರ ಭಾಗವನ್ನು ಬಲ್ಲವರಿಗೆ ಅಲ್ಲಿಯ ಲಾರಿಗಳ ಪ್ರಪಂಚವನ್ನು ಬಣ್ಣಿಸಬೇಕಾಗಿಲ್ಲ. ತುಮಕೂರು ರಸ್ತೆ, ಗೊರಗುಂಟೆಪಾಳ್ಯ, ಯಶವಂತಪುರದ ಮಾರುಕಟ್ಟೆಯ ಅಂಗಳ, ಲಾರಿ ನಿಲ್ದಾಣ, ಅದರಾಚೆ ಪೀಣ್ಯದ ಕಾರ್ಖಾನೆಗಳು. ಸರಕು ಬಂದಲ್ಲಿ ಲಾರಿ ಬಂದಿತು. ಲಾರಿ ಬಂದಲ್ಲಿ ಬಡಗಿ, ಕಮ್ಮಾರ, ಬಣ್ಣ ಬಳಿಯುವವನು, ಸೀಟು ಹೊಲಿಯುವವನು, ಟೈರಿನವನು ಬಂದರು. ಇವರೆಲ್ಲರ ನಡುವೆ ಒಂದು ಸಣ್ಣ ಪೆಟ್ಟಿಗೆ, ಒಂದು ಬಲ್ಬು, ಎರಡು ತುಂಡು ತಂತಿ ಇಟ್ಟುಕೊಂಡು ಕೂರುವವನು ಆಟೋ ಎಲೆಕ್ಟ್ರಿಷಿಯನ್. ಉಳಿದವರ ಕೆಲಸ ಕಣ್ಣಿಗೆ ಕಾಣುತ್ತದೆ. ಇವನ ಕೆಲಸ ಕಾಣುವುದಿಲ್ಲ. ಅದು ಕೆಟ್ಟಾಗ ಮಾತ್ರ ಕಾಣುತ್ತದೆ.

ನಮ್ಮ ನೆರೆಯವರ ಲಾರಿ ಮುಂದಕ್ಕೆ ಮೂಗು ಚಾಚಿದ ಹಳೆಯ ಮಾದರಿಯದು. ೧೯೫೪ರಲ್ಲಿ ಟಾಟಾ ಸಂಸ್ಥೆಯವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿದರು. ೧೯೬೯ರಲ್ಲಿ ಆ ಒಪ್ಪಂದ ಮುಗಿಯಿತು; ಮೂತಿಯ ಮೇಲಿದ್ದ ಮೂರು ಮೊನೆಯ ನಕ್ಷತ್ರ ಹೋಗಿ ಟಾಟಾದ ಗುರುತು ಬಂದಿತು. ನಕ್ಷತ್ರವಿರುವ ಲಾರಿಯನ್ನು ಈಗ ರಸ್ತೆಯಲ್ಲಿ ಕಾಣುವುದು ಅಪರೂಪ. ಕಂಡಾಗ ಹಳೆಯ ಚಾಲಕರು ನಿಂತು ನೋಡುತ್ತಾರೆ.

ಈ ಡೀಸೆಲ್ ಲಾರಿಗಳ ಒಂದು ಸ್ವಭಾವವನ್ನು ಮೊದಲೇ ಹೇಳಬೇಕು. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕಿಡಿಗೆ ವಿದ್ಯುತ್ ಬೇಕು. ಹಳೆಯ ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಎಣ್ಣೆಯನ್ನು ನೂಕುವ ಪಂಪು ಎಂಜಿನ್ನಿನ ತಿರುಗುವಿಕೆಯಿಂದಲೇ ನಡೆಯುತ್ತದೆ. ಆದುದರಿಂದ ಒಮ್ಮೆ ಹೊರಟ ಲಾರಿ, ಅದರ ತಂತಿಗಳೆಲ್ಲ ಸತ್ತರೂ ಓಡುತ್ತಲೇ ಇರುತ್ತದೆ. ಇದು ಅದರ ಗುಣವೂ ಹೌದು, ಅಪಾಯವೂ ಹೌದು. ಎಂಜಿನ್ನು ನಿಂತಿದ್ದರೆ ಮಾಲೀಕ ಅಂದೇ ರಿಪೇರಿ ಮಾಡಿಸುತ್ತಿದ್ದ. ಹಿಂದಿನ ಕೆಂಪು ದೀಪ ಆರಿದರೆ "ನಾಳೆ ನೋಡೋಣ" ಎನ್ನುತ್ತಾನೆ. ಹೆದ್ದಾರಿಯಲ್ಲಿ ಅಮಾವಾಸ್ಯೆಯ ರಾತ್ರಿ ದೀಪವಿಲ್ಲದೆ ನಿಂತ ಲಾರಿಯ ಹಿಂಬದಿಗೆ ಮತ್ತೊಂದು ವಾಹನ ಬಂದು ಬಡಿಯುವ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ? ಆ ಬಲ್ಬಿನ ಬೆಲೆ ಕೆಲವೇ ರೂಪಾಯಿ. ಕೆಟ್ಟದ್ದು ಬಹಳ ಸಲ ಬಲ್ಬೂ ಅಲ್ಲ.

ಹಾಗಾದರೆ ಕೆಡುವುದು ಯಾವುದು? ಇದನ್ನು ತಿಳಿಯಲು ವಾಹನದ ವಿದ್ಯುತ್ ಮಂಡಲವನ್ನು ಸ್ವಲ್ಪ ಅರಿತುಕೊಳ್ಳಬೇಕು. ಮನೆಯ ದೀಪಕ್ಕೆ ಎರಡು ತಂತಿ ಬರುವುದನ್ನು ತಾವೆಲ್ಲ ನೋಡಿದ್ದೀರಿ. ವಿದ್ಯುತ್ತು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳಬೇಕು. ಲಾರಿಯ ದೀಪಕ್ಕೆ ಸಾಮಾನ್ಯವಾಗಿ ಒಂದೇ ತಂತಿ. ಬ್ಯಾಟರಿಯಿಂದ ಹೊರಟ ಪ್ರವಾಹ ಫ್ಯೂಸು, ಸ್ವಿಚ್ಚುಗಳನ್ನು ಹಾದು ಬಲ್ಬನ್ನು ಬೆಳಗಿಸಿ, ಬಳಿಕ ಲಾರಿಯ ಕಬ್ಬಿಣದ ಮೈಯನ್ನೇ ತಂತಿಯನ್ನಾಗಿ ಮಾಡಿಕೊಂಡು ಬ್ಯಾಟರಿಯ ಋಣ ತುದಿಗೆ ಹಿಂದಿರುಗುತ್ತದೆ. ತಾಮ್ರ ಉಳಿಯಲೆಂದು, ತಂತಿಗಳ ಜಟಿಲತೆ ಕಡಮೆಯಾಗಲೆಂದು ಮಾಡಿದ ಏರ್ಪಾಡು ಇದು. ಈ ಮರಳುವ ದಾರಿಗೆ ನಮ್ಮ ಮೆಕ್ಯಾನಿಕ್ಕುಗಳು ಇಟ್ಟ ಹೆಸರು "ಅರ್ತ್". ಭಾಷೆಯ ವಿದ್ಯಾರ್ಥಿಗೆ ಈ ಮಾತು ಬಹಳ ಸ್ವಾರಸ್ಯದ್ದು. ಅರ್ತ್ ಎಂದರೆ ಭೂಮಿ. ಆದರೆ ಲಾರಿ ನಿಂತಿರುವುದು ರಬ್ಬರಿನ ಚಕ್ರಗಳ ಮೇಲೆ. ಭೂಮಿಗೂ ಈ ವಿದ್ಯುತ್ತಿಗೂ ಯಾವ ವ್ಯವಹಾರವೂ ಇಲ್ಲ. ಮನೆಯ ವೈರಿಂಗಿನಿಂದ ಎರವಲು ಬಂದ ಶಬ್ದ ಇಲ್ಲಿ ಅರ್ಥವನ್ನು ಬದಲಾಯಿಸಿಕೊಂಡು ಲಾರಿಯ ಮೈಯನ್ನೇ ಸೂಚಿಸತೊಡಗಿತು. ಹಳೆಯ ಬ್ರಿಟಿಷ್ ವಾಹನಗಳು ಅನೇಕದರಲ್ಲಿ ಬ್ಯಾಟರಿಯ ಧನ ತುದಿಯನ್ನೇ ಮೈಗೆ ಜೋಡಿಸುತ್ತಿದ್ದರು ಎಂಬುದನ್ನೂ ಹಳೆಯ ಗಾಡಿಗೆ ಕೈಹಾಕುವವರು ನೆನಪಿನಲ್ಲಿಡಬೇಕು. ಅಂಥ ಗಾಡಿಗೆ ಇಂದಿನ ಆಲ್ಟರ್ನೇಟರನ್ನು ಹಾಗೆಯೇ ಜೋಡಿಸಿದರೆ ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ.

ಈ ಮರಳುವ ದಾರಿಯ ಮಹತ್ವ ನನಗೆ ಮನದಟ್ಟಾದದ್ದು ಒಂದು ವಿಚಿತ್ರ ಪ್ರಸಂಗದಿಂದ. ಲಾರಿಯ ಎಂಜಿನ್ನನ್ನು ಬಿಚ್ಚಿ ಸರಿಪಡಿಸಿ, ಚಾಸಿಸ್ಸಿಗೆ ಹೊಳೆಯುವ ಕಪ್ಪು ಬಣ್ಣ ಬಳಿದು ಮತ್ತೆ ಕೂರಿಸಿದ್ದರು. ಹೊಸ ಬ್ಯಾಟರಿ, ಹೊಸ ತಂತಿ. ಆದರೆ ಸೆಲ್ಫ್ ಹೊಡೆದಾಗಲೆಲ್ಲ ಎಂಜಿನ್ನು ನರಳುತ್ತಿತ್ತೇ ಹೊರತು ಬಿರುಸಾಗಿ ತಿರುಗುತ್ತಿರಲಿಲ್ಲ. ಬ್ಯಾಟರಿಯನ್ನು ದೂರಿದರು, ಬದಲಾಯಿಸಿದರು. ಸೆಲ್ಫ್ ಮೋಟಾರನ್ನು ದೂರಿದರು, ಬಿಚ್ಚಿ ನೋಡಿದರು. ಎರಡೂ ನಿರ್ದೋಷಿಗಳು. ಮೂರನೆಯ ದಿನ ಯಾರೋ ಗಮನಿಸಿದರು: ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ಲಿನಿಂದ ಸಣ್ಣಗೆ ಹೊಗೆ ಏಳುತ್ತಿದೆ. ವಿದ್ಯುತ್ತಿಗೂ ಆಕ್ಸಿಲರೇಟರಿಗೂ ಏನೇನೂ ಸಂಬಂಧವಿಲ್ಲ! ಷೆಡ್ಡಿನವರಿಗೆ ಅದು ಭೂತಚೇಷ್ಟೆಯಂತೆ ತೋರಿತು.

ಆಗ ಕರೆಸಿದ ಎಲೆಕ್ಟ್ರಿಷಿಯನ್ ಎಪ್ಪತ್ತರ ಹತ್ತಿರದ ಮುದುಕರು. ಎಲ್ಲರೂ ಅವರನ್ನು ಭಾಯ್ ಎಂದೇ ಕರೆಯುತ್ತಿದ್ದರು. ಅವರು ಬಂದು ಏನನ್ನೂ ಬಿಚ್ಚಲಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಎಂಜಿನ್ನಿನ ಮೈಗೂ ಇನ್ನೊಂದನ್ನು ಚಾಸಿಸ್ಸಿಗೂ ಒತ್ತಿ ಹಿಡಿದು ಸೆಲ್ಫ್ ಹೊಡೆಯಲು ಹೇಳಿದರು. ಮುಳ್ಳು ಐದು ವೋಲ್ಟನ್ನು ದಾಟಿತು. ಎಂಜಿನ್ನೂ ಚಾಸಿಸ್ಸೂ ಒಂದೇ ಕಬ್ಬಿಣದ ಮೈಯಾಗಿದ್ದರೆ ಅದು ಸೊನ್ನೆಯ ಹತ್ತಿರವೇ ಇರಬೇಕಾಗಿತ್ತು. ಎಂಜಿನ್ನು ಕೂತಿರುವುದು ರಬ್ಬರಿನ ದಿಂಬುಗಳ ಮೇಲೆ. ಅದನ್ನು ಚಾಸಿಸ್ಸಿಗೆ ಕೂಡಿಸುವ ಹೆಣೆದ ತಾಮ್ರದ ಪಟ್ಟಿಯೊಂದಿರುತ್ತದೆ. ಬಣ್ಣ ಬಳಿಯುವಾಗ ಬಿಚ್ಚಿಟ್ಟ ಆ ಪಟ್ಟಿಯನ್ನು ಮತ್ತೆ ಯಾರೂ ಹಾಕಿರಲಿಲ್ಲ. ಸೆಲ್ಫ್ ಮೋಟಾರು ಎಳೆಯುವ ಪ್ರವಾಹ ನೂರಾರು ಆಂಪೇರು. ಅಷ್ಟು ದೊಡ್ಡ ಪ್ರವಾಹ ಬೇರೆ ದಾರಿ ಕಾಣದೆ, ಎಂಜಿನ್ನಿನಿಂದ ಚಾಸಿಸ್ಸಿಗೆ ಹೋಗುವ ಆ ಬಡಕಲು ಆಕ್ಸಿಲರೇಟರ್ ಕೇಬಲ್ಲನ್ನು ಹಿಡಿದು ಮರಳುತ್ತಿತ್ತು. ಅದಕ್ಕೇ ಹೊಗೆ.

ಭಾಯ್ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಕರೆಂಟು ಹೋಗೋಕೆ ಎಲ್ಲಾರೂ ದಾರಿ ಮಾಡ್ತಾರೆ, ವಾಪಸ್ ಬರೋಕೆ ಯಾರೂ ಮಾಡಲ್ಲ. ನಾವು ಕೊಡ್ಲಿಲ್ಲ ಅಂದ್ರೆ ಅದೇ ಮಾಡ್ಕೊಳ್ಳುತ್ತೆ" ಎಂದರು. ಅಂದಿನಿಂದ ನಾನು ಕಂಡ ದೋಷಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಈ ಒಂದು ಮಾತೇ ವಿವರಣೆಯಾಯಿತು.

ಹೊಸದಾಗಿ ಕಟ್ಟಿದ ಹಳೆಯ ಲಾರಿಯಲ್ಲಿ ಈ ದೋಷ ಇನ್ನೂ ಹೆಚ್ಚು. ಅದಕ್ಕೆ ಎರಡು ಕಾರಣಗಳಿವೆ. ಒಂದು ಬಣ್ಣ. ಒಳ್ಳೆಯ ಬಣ್ಣ ಒಳ್ಳೆಯ ವಿದ್ಯುನ್ನಿರೋಧಕ. ದೀಪದ ಬುಡವನ್ನು ದಪ್ಪ ಬಣ್ಣದ ಮೇಲೆ ಬೋಲ್ಟು ಹಾಕಿ ಬಿಗಿದರೆ ನೋಟಕ್ಕೆ ಗಟ್ಟಿ, ವಿದ್ಯುತ್ತಿಗೆ ಗೋಡೆ. ಎರಡನೆಯದು ಮರ. ನಮ್ಮ ಕಡೆಯ ಹಳೆಯ ಲಾರಿಗಳ ಬಾಡಿ ಮರದ ಹಲಗೆಗಳದು. ಹಲಗೆಗೆ ಬಡಿದ ದೀಪಕ್ಕೆ ಮೈಯೇ ಇಲ್ಲ. ಅದಕ್ಕೆ ಚಾಸಿಸ್ಸಿನವರೆಗೆ ಬೇರೆಯೇ ತಂತಿ ಕೊಡಬೇಕು. ಕೊಡದಿದ್ದರೆ ಏನಾಗುತ್ತದೆ? ಹಿಂದಿನ ದೀಪಗಳು ಒಂದರ ಹಾಡನ್ನು ಒಂದು ಹಾಡತೊಡಗುತ್ತವೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪ ಅದರ ತಾಳಕ್ಕೆ ಮಂಕಾಗುತ್ತದೆ. ಒಂದು ಬಲ್ಬಿನಿಂದ ಹೊರಬಂದ ಪ್ರವಾಹ ಮೈಗೆ ಇಳಿಯಲಾರದೆ ಪಕ್ಕದ ಬಲ್ಬಿನ ಎಳೆಯ ಮೂಲಕ ಹಿಂದುಹಿಂದಾಗಿ ನುಸುಳಿ ಮರಳುತ್ತಿರುತ್ತದೆ. ಹೀಗೆ ದೀಪಗಳು ಪರಸ್ಪರ ಗೊಂದಲಗೊಂಡದ್ದು ಕಂಡರೆ ಸ್ವಿಚ್ಚನ್ನು ಬಿಚ್ಚಬೇಡಿ, ಮೊದಲು ಅರ್ತ್ ನೋಡಿ. ಬೋಲ್ಟಿನಡಿಯ ಬಣ್ಣವನ್ನು ಉಪ್ಪು ಕಾಗದದಿಂದ ಉಜ್ಜಿ ಕಬ್ಬಿಣ ಬೆಳ್ಳಗೆ ಕಾಣುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ತುಸು ಗ್ರೀಸ್ ಸವರಿದರೆ ಮಳೆಗಾಲ ಕಳೆದರೂ ತುಕ್ಕು ಹಿಡಿಯದು.

ಅರ್ತ್ ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ದೀಪವನ್ನು ಹಾಕಿದ ಸ್ಥಿತಿಯಲ್ಲಿಯೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಯ ಸೀಸದ ಮೇಲೆಯೇ ಇಟ್ಟು, ಇನ್ನೊಂದನ್ನು ದೀಪದ ಲೋಹದ ಬುಡಕ್ಕೆ ಮುಟ್ಟಿಸಬೇಕು. ಒಂದೆರಡು ದಶಾಂಶ ವೋಲ್ಟು ತೋರಿಸಿದರೆ ಚಿಂತೆಯಿಲ್ಲ. ಒಂದು, ಎರಡು ವೋಲ್ಟು ತೋರಿಸಿದರೆ ದಾರಿಯಲ್ಲಿ ಎಲ್ಲೋ ತಡೆಯಿದೆ. ಇದೊಂದು ಸಣ್ಣ ಲೆಕ್ಕ. ೧೨ ವೋಲ್ಟಿನ, ೬೦ ವಾಟಿನ ಹೆಡ್‌ಲೈಟು ೫ ಆಂಪೇರು ಎಳೆಯುತ್ತದೆ. ಅದರ ರೋಧ ೨.೪ ಓಮು. ದಾರಿಯಲ್ಲಿ ಒಂದು ತುಕ್ಕು ಹಿಡಿದ ಕೂಡಿಕೆ ಕೇವಲ ೦.೪ ಓಮಿನಷ್ಟು ಅಡ್ಡಿಪಡಿಸಿತೆನ್ನಿ. ಆಗ ಆ ಕೂಡಿಕೆಯೊಂದೇ ಸುಮಾರು ೧.೭ ವೋಲ್ಟನ್ನು ತಿಂದುಹಾಕುತ್ತದೆ. ಹೋದದ್ದು ಏಳನೆಯ ಒಂದು ಪಾಲು ವೋಲ್ಟು. ಆದರೆ ತಂತುದೀಪದ ಬೆಳಕು ವೋಲ್ಟಿಗಿಂತ ಬಹಳ ಬೇಗ ಕುಗ್ಗುವುದರಿಂದ ಹೆಚ್ಚುಕಡಮೆ ಮೂರನೆಯ ಒಂದು ಪಾಲಿಗಿಂತ ಅಧಿಕ ಬೆಳಕೇ ನಷ್ಟ. ಜೊತೆಗೆ ಆ ಕೂಡಿಕೆಯಲ್ಲಿ ೭ ವಾಟಿನಷ್ಟು ಶಾಖ ಹುಟ್ಟುತ್ತದೆ. ಶಾಖದಿಂದ ತುಕ್ಕು, ತುಕ್ಕಿನಿಂದ ಇನ್ನಷ್ಟು ಶಾಖ. ಚಾಲಕ "ಬಲ್ಬು ಸಾಲದು" ಎಂದು ೧೦೦ ವಾಟಿನದನ್ನು ತಂದು ಹಾಕುತ್ತಾನೆ. ಬೆಳಕು ಹೆಚ್ಚುವ ಬದಲು ಹಳೆಯ ಸ್ವಿಚ್ಚು ಕರಗುತ್ತದೆ. ದೊಡ್ಡ ದೀಪಕ್ಕೆ ದಪ್ಪ ತಂತಿ, ಒಂದು ರಿಲೇ ಬೇಕು; ಸ್ವಿಚ್ಚು ರಿಲೇಯನ್ನು ಎಬ್ಬಿಸಿದರೆ ಸಾಕು, ಭಾರವನ್ನು ರಿಲೇ ಹೊರುತ್ತದೆ.

ಇಲ್ಲಿ ಭಾಯ್ ಅವರ ಹಳೆಯ ಟೆಸ್ಟ್ ಲ್ಯಾಂಪಿನ ಬಗ್ಗೆಯೂ ಒಂದು ಮಾತು ಹೇಳಬೇಕು. ತಂತಿಯೊಳಗಿನ ಎಳೆಗಳೆಲ್ಲ ಕಡಿದು ಕೂದಲಿನಂಥ ಒಂದೇ ಎಳೆ ಉಳಿದಿದ್ದರೂ ಇಂದಿನ ಡಿಜಿಟಲ್ ಮೀಟರು "೧೨ ವೋಲ್ಟು ಇದೆ" ಎಂದು ತೋರಿಸುತ್ತದೆ. ಏಕೆಂದರೆ ಅದು ತಂತಿಯಿಂದ ಪ್ರವಾಹವನ್ನು ಎಳೆಯುವುದೇ ಇಲ್ಲವೆನ್ನುವಷ್ಟು ಕಡಮೆ. ಅದೇ ತಂತಿಗೆ ೨೧ ವಾಟಿನ ಬಲ್ಬೊಂದನ್ನು ಕಟ್ಟಿ ನೋಡಿ. ಕೆಂಡದಂತೆ ಮಂಕಾಗಿ ಉರಿದು ನಿಜವನ್ನು ಹೇಳಿಬಿಡುತ್ತದೆ. ಹೊರೆ ಹೊರಿಸದೆ ದಾರಿಯ ಬಲ ತಿಳಿಯದು. ಬಲ್ಬು ದೋಷವಿದೆಯೆಂದು ಹೇಳುತ್ತದೆ, ಮೀಟರು ಎಷ್ಟಿದೆಯೆಂದು ಹೇಳುತ್ತದೆ. ಎರಡೂ ಕೈಯಲ್ಲಿರಬೇಕು.

ಇನ್ನು ಹುಡುಕುವ ಕ್ರಮ. ಗ್ರಂಥಸಂಪಾದನೆಯ ಪಾಠ ಹೇಳಿದ ನನಗೆ ಇದು ತೀರ ಪರಿಚಿತವೆನಿಸಿತು. ಒಂದು ಕಾವ್ಯದ ಹಲವು ಓಲೆಯ ಪ್ರತಿಗಳು ಸಿಕ್ಕಾಗ, ಅವುಗಳಲ್ಲಿ ಎರಡರಲ್ಲಿ ಒಂದೇ ತಪ್ಪು ಒಂದೇ ಕಡೆ ಕಂಡುಬಂದರೆ ಅವೆರಡಕ್ಕೂ ಒಂದು ಸಮಾನ ಮಾತೃಕೆ ಇತ್ತೆಂದು ಊಹಿಸುತ್ತೇವೆ. ತಪ್ಪು ಹುಟ್ಟಿದ್ದು ಅಲ್ಲಿ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದವರಿಗೆ ಇದು ಹೊಸತಲ್ಲ. ಲಾರಿಯಲ್ಲಿಯೂ ಹಾಗೆಯೇ. ಹಾರನ್ನೂ ವೈಪರೂ ಒಟ್ಟಿಗೆ ನಿಂತರೆ ಎರಡನ್ನೂ ಬಿಚ್ಚಿ ಕೂರಬಾರದು. ಇವೆರಡಕ್ಕೂ ಸಮಾನವಾದ ಫ್ಯೂಸು ಯಾವುದು, ಕವಲೊಡೆದ ಜಾಗ ಯಾವುದು ಎಂದು ಕೇಳಬೇಕು. ಹೆಡ್‌ಲೈಟು ಒಂದೇ ಆರಿ ಇನ್ನೊಂದು ಉರಿಯುತ್ತಿದ್ದರೆ ಸ್ವಿಚ್ಚು ನಿರ್ದೋಷಿ. ತಪ್ಪು ಕವಲಿನ ಆಚೆಗಿದೆ. ಪ್ರತಿಯ ಆಧಾರವಿಲ್ಲದೆ ಪಾಠವನ್ನು ತಿದ್ದುವ ಸಂಪಾದಕನೂ ಪರೀಕ್ಷಿಸದೆ ಬಿಡಿಭಾಗ ಬದಲಾಯಿಸುವ ಮೆಕ್ಯಾನಿಕ್ಕೂ ಒಂದೇ ಬಗೆಯವರು. ಇಬ್ಬರೂ ಒಂದೊಂದು ಸಲ ಸರಿಯಾಗಿರುತ್ತಾರೆ, ಏಕೆ ಸರಿಯಾದೆವೆಂಬುದು ಮಾತ್ರ ಅವರಿಗೆ ತಿಳಿಯುವುದಿಲ್ಲ.

ಉದ್ದನೆಯ ತಂತಿಯಲ್ಲಿ ಎಲ್ಲಿ ಕಡಿದಿದೆ ಎಂದು ತಿಳಿಯಬೇಕಾದರೆ ಒಂದು ತುದಿಯಿಂದ ತಡವುತ್ತ ಹೋಗಬೇಕಾಗಿಲ್ಲ. ನಿಘಂಟಿನಲ್ಲಿ ಶಬ್ದ ಹುಡುಕುವವನು ಮೊದಲ ಪುಟದಿಂದ ಹೊರಡುತ್ತಾನೆಯೇ? ನಡುವೆ ತೆರೆಯುತ್ತಾನೆ. ಹಾಗೆಯೇ ನಡುವಿನ ಕೂಡಿಕೆಯಲ್ಲಿ ಪರೀಕ್ಷಿಸಿ; ಅಲ್ಲಿಯವರೆಗೆ ವಿದ್ಯುತ್ತು ಬಂದಿದ್ದರೆ ದೋಷ ಮುಂದಿನ ಅರ್ಧದಲ್ಲಿ, ಬಾರದಿದ್ದರೆ ಹಿಂದಿನ ಅರ್ಧದಲ್ಲಿ. ಹದಿನಾರು ಭಾಗಗಳಿದ್ದರೂ ನಾಲ್ಕೇ ಪರೀಕ್ಷೆಗಳಲ್ಲಿ ಕಳ್ಳ ಸಿಕ್ಕುತ್ತಾನೆ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ತಂತಿಯ ರಬ್ಬರು ಸವೆದು ತಾಮ್ರ ಮೈಗೆ ತಗುಲಿದರೆ ವಿದ್ಯುತ್ತು ದೀಪದವರೆಗೆ ಹೋಗುವ ಶ್ರಮವನ್ನೇ ತೆಗೆದುಕೊಳ್ಳದೆ ಅಡ್ಡದಾರಿಯಲ್ಲಿ ಮರಳಿಬಿಡುತ್ತದೆ. ಇದು ಶಾರ್ಟು. ಫ್ಯೂಸು ಸುಡುತ್ತದೆ. ಆಗ ಸಿಗರೇಟಿನ ಪೊಟ್ಟಣದ ಬೆಳ್ಳಿಯ ಕಾಗದವನ್ನೋ ದಪ್ಪ ತಂತಿಯ ತುಂಡನ್ನೋ ಫ್ಯೂಸಿನ ಜಾಗಕ್ಕೆ ತುರುಕುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಫ್ಯೂಸು ಇರುವುದು ಬಲ್ಬನ್ನು ಕಾಯಲಿಕ್ಕಲ್ಲ, ತಂತಿಯನ್ನು ಕಾಯಲಿಕ್ಕೆ. ಫ್ಯೂಸು ಸಾಯದಿದ್ದರೆ ತಂತಿ ಸಾಯುತ್ತದೆ. ತಂತಿ ಸಾಯುವಾಗ ಸುತ್ತಲಿನ ರಬ್ಬರನ್ನು, ಮರವನ್ನು, ಸೀಟನ್ನು ಸೇರಿಸಿಕೊಂಡೇ ಸಾಯುತ್ತದೆ. ಆ ಸೀಟಿನ ಹಿಂದೆ ಎಷ್ಟೋ ರಾತ್ರಿ ಕ್ಲೀನರ್ ಹುಡುಗ ಮಲಗಿರುತ್ತಾನೆ ಎಂಬುದನ್ನು ಮರೆಯಬಾರದು.

ಶಾರ್ಟನ್ನು ಹುಡುಕುವ ಉಪಾಯ ಸುಲಭ. ಸುಟ್ಟ ಫ್ಯೂಸಿನ ಎರಡು ಕೊಂಡಿಗಳ ನಡುವೆ ಒಂದು ಬಲ್ಬನ್ನು ಕಟ್ಟಬೇಕು. ಶಾರ್ಟ್ ಇರುವವರೆಗೆ ಆ ಬಲ್ಬು ಪೂರ್ಣವಾಗಿ ಉರಿಯುತ್ತದೆ, ತಂತಿಗೆ ಅಪಾಯವಿಲ್ಲ. ಕವಲುಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ ಯಾವುದನ್ನು ಕಳಚಿದಾಗ ಬಲ್ಬು ಆರಿತೋ ಅದೇ ಅಪರಾಧಿ. ಅಲ್ಲಿಂದ ಕಣ್ಣಿಗೆ ಕೆಲಸ: ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ಹಾದ ತಂತಿ, ಎಂಜಿನ್ನಿನ ಬಿಸಿಗೆ ಅಂಟು ಬಿಟ್ಟ ಟೇಪು, ಇಲಿ ಕಡಿದ ಜಾಗ, ಬಾಡಿಯವರು ಹೊಡೆದ ಮೊಳೆ. ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು.

ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗುವ ಕಾಯಿಲೆಯೂ ಸಾಮಾನ್ಯ. ಎಲ್ಲವನ್ನೂ ಆರಿಸಿ, ಬ್ಯಾಟರಿಯ ಋಣ ತಂತಿಯನ್ನು ಕಳಚಿ, ನಡುವೆ ಆಂಪೇರ್ ತೋರಿಸುವ ಮೀಟರನ್ನು ಇಟ್ಟು ನೋಡಬೇಕು. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಕೂಡದು. ಹೊಡೆದರೆ ಮೀಟರು ಸುಡುತ್ತದೆ. ಯಂತ್ರಸರಳವಾದ ಹಳೆಯ ಲಾರಿಯಲ್ಲಿ ಅದು ಸೊನ್ನೆಯೇ ಇರಬೇಕು. ಅರ್ಧ ಆಂಪೇರು ಸೋರುತ್ತಿದ್ದರೂ ದಿನವೊಂದಕ್ಕೆ ೧೨ ಆಂಪೇರ್-ಗಂಟೆ ಹೋಯಿತು. ೧೦೦ ಆಂಪೇರ್-ಗಂಟೆಯ ಬ್ಯಾಟರಿ ನಾಲ್ಕು ದಿನದಲ್ಲಿ ಅರ್ಧ ಬರಿದು. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಬಂದರೆ ಸೋರುವ ಮಡಕೆ ಗೊತ್ತಾಗುತ್ತದೆ.

ಹಳತಕ್ಕೆ ಹೊಸತನ್ನು ಬೆಸೆಯುವಾಗ ಬರುವ ತೊಡಕುಗಳು ಬೇರೆ. ಹಳೆಯ ಲಾರಿಗಳಲ್ಲಿ ಡೈನಮೊ, ಕಟೌಟ್ ಇದ್ದವು. ಈಗ ಅವುಗಳನ್ನು ತೆಗೆದು ಆಲ್ಟರ್ನೇಟರ್ ಹಾಕುತ್ತಾರೆ. ಒಳ್ಳೆಯದೇ. ಆದರೆ ಡ್ಯಾಶ್‌ಬೋರ್ಡಿನ ಚೆಂದದ ಹಳೆಯ ಆಮೀಟರನ್ನು ಅಂದಕ್ಕಾಗಿ ಉಳಿಸಿಕೊಂಡರೆ ಎಚ್ಚರ ಬೇಕು. ೩೦ ಆಂಪೇರಿಗೆಂದು ಮಾಡಿದ ಮೀಟರಿನ ಮೂಲಕ ೬೦ ಆಂಪೇರಿನ ಪ್ರವಾಹ ಹರಿದರೆ ಅದೇ ಒಲೆಯಾಗುತ್ತದೆ. ಮತ್ತೊಂದು: ಅನೇಕ ಆಲ್ಟರ್ನೇಟರುಗಳಲ್ಲಿ ಚಾರ್ಜಿನ ಕೆಂಪು ದೀಪ ಬರೀ ಸಾಕ್ಷಿಯಲ್ಲ. ಅದರ ಮೂಲಕ ಹೋಗುವ ಅಲ್ಪ ಪ್ರವಾಹವೇ ಆಲ್ಟರ್ನೇಟರಿನ ಒಳಗಿನ ಸುರುಳಿಯನ್ನು ಮೊದಲಿಗೆ ಎಚ್ಚರಿಸುವುದು. ಆ ಸಣ್ಣ ಬಲ್ಬು ಸುಟ್ಟರೆ, ಇಲ್ಲವೆ ಅದರ ಜಾಗಕ್ಕೆ ಎಲ್‌ಇಡಿ ಹಾಕಿದರೆ, ಆಲ್ಟರ್ನೇಟರು ನಿದ್ದೆಯಲ್ಲೇ ಉಳಿಯಬಹುದು. ಎಂಜಿನ್ನು ಓಡುವಾಗ ೧೨ ವೋಲ್ಟಿನ ಬ್ಯಾಟರಿಯ ಮೇಲೆ ಸುಮಾರು ೧೪ ವೋಲ್ಟು ಕಾಣದಿದ್ದರೆ ಮೊದಲು ಆ ದೀಪವನ್ನು ನೋಡಬೇಕು. ಇನ್ನು ಎರಡು ಬ್ಯಾಟರಿ ಸೇರಿ ೨೪ ವೋಲ್ಟಾಗುವ ಲಾರಿಗಳಲ್ಲಿ, ರೇಡಿಯೋಗೋ ಮೊಬೈಲಿಗೋ ಬೇಕೆಂದು ಒಂದೇ ಬ್ಯಾಟರಿಯಿಂದ ೧೨ ವೋಲ್ಟನ್ನು ಕದಿಯುವ ಅಭ್ಯಾಸವಿದೆ. ಜೋಡೆತ್ತಿನಲ್ಲಿ ಒಂದಕ್ಕೇ ಹೊರೆ ಹಾಕಿದಂತೆ. ಒಂದು ಬ್ಯಾಟರಿ ಬಡವಾಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜಾಗಿ ಕುದಿಯುತ್ತದೆ. ೨೪ನ್ನು ೧೨ಕ್ಕೆ ಇಳಿಸುವ ಕನ್ವರ್ಟರ್ ಹಾಕುವುದೇ ನ್ಯಾಯ.

ಗಾಡಿಯ ರೂಪವನ್ನೇ ಬದಲಿಸ ಹೊರಟವರಿಗೆ ಕಾನೂನಿನ ಒಂದು ಮಾತು. ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಕೆಲಸ ಹಿಡಿಯುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಇನ್ನು ನನಗೆ ಮುಖ್ಯವೆನಿಸಿದ ವಿಷಯಕ್ಕೆ ಬರುತ್ತೇನೆ. ತಂತಿಗಳಿಗೂ ಒಂದು ವ್ಯಾಕರಣವಿದೆ. ಜರ್ಮನ್ ಪದ್ಧತಿಯಲ್ಲಿ ಕೊಂಡಿಗಳಿಗೆ ಸಂಖ್ಯೆಗಳು: ೩೦ ಎಂದರೆ ಬ್ಯಾಟರಿಯಿಂದ ನೇರ ಬಂದದ್ದು, ೩೧ ಅರ್ತ್, ೧೫ ಕೀಲಿ ತಿರುಗಿಸಿದಾಗ ಜೀವ ಬರುವುದು, ೫೦ ಸೆಲ್ಫಿಗೆ, ೫೪ ಬ್ರೇಕ್ ದೀಪಕ್ಕೆ, ೫೮ ಪಕ್ಕದ ಮತ್ತು ಹಿಂದಿನ ದೀಪಗಳಿಗೆ. ಕೇಶಿರಾಜನ ಸೂತ್ರಗಳಷ್ಟೇ ಅಡಕ. ಬ್ರಿಟಿಷ್ ಲೂಕಾಸ್ ಪದ್ಧತಿಯಲ್ಲಿ ಬಣ್ಣಗಳು: ಕಂದು ಬ್ಯಾಟರಿಯದು, ಬಿಳಿ ಕೀಲಿಯದು, ಹಸಿರು ಫ್ಯೂಸು ದಾಟಿದ್ದು, ನೀಲಿ ಹೆಡ್‌ಲೈಟಿನದು, ಕೆಂಪು ಪಕ್ಕದ ದೀಪಗಳದು, ಕಪ್ಪು ಅರ್ತ್. ಮತ್ತೆ ಕಟ್ಟಿದ ಲಾರಿಯಲ್ಲಿ ಎರಡು ಪರಂಪರೆಗಳ ಭಾಗಗಳೂ ಬೆರೆತಿರುತ್ತವೆ. ಅದು ಸಾಲದೆಂಬಂತೆ, ಎಸ್. ಪಿ. ರಸ್ತೆಯ ಅಂಗಡಿಯಲ್ಲಿ ಅಂದು ಸಿಕ್ಕಿದ್ದು ಕೆಂಪು ಸುರುಳಿ ಮಾತ್ರವೆಂದು ಇಡೀ ಲಾರಿಗೆ ಕೆಂಪು ತಂತಿಯನ್ನೇ ಎಳೆದಿರುತ್ತಾರೆ! ಯಾವುದು ಎಲ್ಲಿಗೆ ಹೋಗುತ್ತದೆಂಬುದು ಎಳೆದವನ ತಲೆಯಲ್ಲಿ ಮಾತ್ರ ಇರುತ್ತದೆ. ಅವನು ಊರು ಬಿಟ್ಟರೆ, ವಯಸ್ಸಾಗಿ ಮನೆ ಸೇರಿದರೆ, ಆ ಲಾರಿ ಯಾರೂ ಓದಲಾರದ ಶಾಸನವಾಗುತ್ತದೆ.

೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ೧೯೧೮ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಆಕಾಶದ ಮಿಂಚನ್ನು ಕುರಿತು ಬರೆಯುವ ಶಕ್ತಿ ನಮ್ಮ ಭಾಷೆಗೆ ಅಂದೇ ಬಂದಿತ್ತು. ಆದರೆ ಯಶವಂತಪುರದ ಷೆಡ್ಡಿನಲ್ಲಿ ಕೆಲಸ ಕಲಿಯುವ ಹುಡುಗನ ಕೈಗೆ ಕೊಡಬಹುದಾದ, ಅವನ ಲಾರಿಯ ತಂತಿಯ ನಕ್ಷೆಯನ್ನು ಅವನ ಮಾತಿನಲ್ಲಿ ಹೇಳುವ ಒಂದು ಹಾಳೆ ಆ ಷೆಡ್ಡಿನಲ್ಲಿರಲಿಲ್ಲ. ಶಬ್ದಗಳ ಕೊರತೆಯಿಂದಲ್ಲ. ಅರ್ತ್, ಶಾರ್ಟ್, ಕಟೌಟ್, ಸೆಲ್ಫ್ ಎಲ್ಲವನ್ನೂ ಆ ಹುಡುಗರು ಕನ್ನಡದ ವಿಭಕ್ತಿಗಳನ್ನು ಹಚ್ಚಿ ನಿರಾಯಾಸವಾಗಿ ಆಡುತ್ತಾರೆ. ಅವುಗಳಿಗೆ ಸಂಸ್ಕೃತದ ಪರ್ಯಾಯಗಳನ್ನು ಟಂಕಿಸಿಕೊಡುವ ಅಗತ್ಯವಿಲ್ಲ. ಬರೆದಿಡುವ ಅಭ್ಯಾಸವೊಂದೇ ಬೇಕು.

ನಮ್ಮ ನೆರೆಯವರ ಲಾರಿಗೆ ಆ ಕೆಲಸ ಮಾಡಿದೆವು. ಭಾಯ್ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಯಾವ ಫ್ಯೂಸು ಯಾವುದಕ್ಕೆ, ಎಷ್ಟು ಆಂಪೇರಿನದು. ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ. ಅರ್ತ್ ಕೊಟ್ಟ ಜಾಗಗಳು ಎಷ್ಟು, ಎಲ್ಲೆಲ್ಲಿ. ಅರ್ತಿನ ಜಾಗಗಳೇ ಒಂಬತ್ತು ಆದವು. ತಂತಿಗಳ ಎರಡೂ ತುದಿಗೆ ಸಂಖ್ಯೆಯ ಚೀಟಿ ಕಟ್ಟಿದೆವು. ಭಾಯ್‌ಗೆ ಕನ್ನಡ ಓದಲು ಬಾರದು. ನಾನು ಓದಿ ಹೇಳಿದಾಗ ಎರಡು ಕಡೆ ತಡೆದು, "ಅದು ಹಂಗಲ್ಲ ಮೇಷ್ಟ್ರೇ, ಬ್ರೇಕಿನ ತಂತಿ ಮೊದ್ಲು ಎಡಕ್ಕೆ ಹೋಗುತ್ತೆ" ಎಂದು ತಿದ್ದಿಸಿದರು. ಷೆಡ್ಡಿನ ಕಿರಿಯ ಹುಡುಗ ಅದನ್ನು ಚೊಕ್ಕವಾಗಿ ನಕಲು ಮಾಡಿದ. ಪ್ಲಾಸ್ಟಿಕ್ಕಿನ ಹಾಳೆ ಹೊದಿಸಿ ಚಾಲಕನ ಬಾಗಿಲಿನ ಒಳಬದಿಗೆ ಅಂಟಿಸಲಾಯಿತು.

ಹಳೆಯ ವಾಹನವನ್ನು ಪ್ರೀತಿಯಿಂದ ಕಟ್ಟಿಸುವ ಎಲ್ಲರಲ್ಲೂ ನನ್ನ ಬಿನ್ನಹವೂ ಇಷ್ಟೇ. ಕೆಲಸಕ್ಕೆ ಮುನ್ನ ಬ್ಯಾಟರಿಯ ಋಣ ತಂತಿಯನ್ನು ಮೊದಲು ಕಳಚಿ. ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಿ. ಸ್ಪಾನರು ಜಾರಿ ಮೈಗೆ ತಗುಲಿದರೂ
ಆಗ ಕಿಡಿ ಹಾರುವುದಿಲ್ಲ. ಬ್ಯಾಟರಿಯ ಬಳಿ ಬೀಡಿ ಸೇದಬೇಡಿ. ಚಾರ್ಜಾಗುವಾಗ ಅದರಿಂದ ಹೊರಡುವ ಜಲಜನಕ ಹೊತ್ತಿಕೊಳ್ಳುವಂಥದು. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ, ಆಲ್ಟರ್ನೇಟರಿನ ತಂತಿಗಳನ್ನು ಬಿಡಿಸಿಡಿ. ಬಣ್ಣದವನಿಗೆ ಹಣ ಕೊಟ್ಟ ದಿನವೇ ಎಲೆಕ್ಟ್ರಿಷಿಯನ್ನಿಗೂ ಒಂದು ದಿನದ ಕೂಲಿ ಹೆಚ್ಚಿಗೆ ಕೊಟ್ಟು, ತಂತಿಯ ನಕ್ಷೆಯನ್ನು ಬರೆಸಿಕೊಳ್ಳಿ. ಅವರು ಬರೆಯಲಾರದವರಾದರೆ ಅವರು ಹೇಳಲಿ, ನೀವು ಬರೆಯಿರಿ. ತುಮಕೂರು ರಸ್ತೆಯಲ್ಲೋ ಬಳ್ಳಾರಿ ರಸ್ತೆಯಲ್ಲೋ ಒಂದು ರಾತ್ರಿ ಆ ಲಾರಿಯ ದೀಪ ಆರಿದಾಗ, ಅದನ್ನು ಎಂದೂ ಕಾಣದ ಯಾರೋ ಒಬ್ಬ ಮೆಕ್ಯಾನಿಕ್ ಬಾಗಿಲು ತೆರೆದು, ಟಾರ್ಚಿನ ಬೆಳಕಿನಲ್ಲಿ ಆ ಹಾಳೆಯನ್ನು ಓದಿ ಹತ್ತು ನಿಮಿಷದಲ್ಲಿ ದೀಪ ಹೊತ್ತಿಸುವಂತಾಗಬೇಕು.